ವಾರದ ಇನ್ನಾರು ದಿನ



ಭಾನುವಾರ ಬೆಳಿಗ್ಗೆ ದೇವಾಲಯಕ್ಕೆ ಹೋಗಿ ಬರುವ ಕ್ರೈಸ್ತನನ್ನು ಗುರುತಿಸುವುದು ಯಾರಿಗೂ ಕಷ್ಟವಲ್ಲ. ಮಡಿಯಾದ ಬಟ್ಟೆ, ಕೈಯಲ್ಲಿ ಸತ್ಯವೇದ ಇಲ್ಲವೆ ಜಪಸರ, ಜೊತೆಯಲ್ಲಿ ಹೆಂಡತಿ ಮಕ್ಕಳು, ಇಷ್ಟು ಸಾಕು. ಆದರೆ ಸೋಮವಾರ ಅದೇ ಮನುಷ್ಯ ಅಂಗಡಿಯ ಬಾಗಿಲು ತೆರೆದಾಗ, ಕಚೇರಿಯ ಕುರ್ಚಿಯಲ್ಲಿ ಕುಳಿತಾಗ, ನಲ್ಲಿಯ ಮುಂದೆ ನೆರೆಯವರೊಡನೆ ಕೊಡ ಹಿಡಿದು ನಿಂತಾಗ, ಅವನನ್ನು ಯಾವುದರಿಂದ ಗುರುತಿಸಬೇಕು? ವಾರದಲ್ಲಿ ಭಾನುವಾರ ಒಂದೇ. ಮಿಕ್ಕವು ಆರು. ಆ ಆರು ದಿನಗಳ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಮಾತು ಕ್ರೈಸ್ತರಿಗೆ ಮಾತ್ರವೇ ಎಂದು ಯಾರೂ ರೇಡಿಯೋವನ್ನು ನಿಲ್ಲಿಸಬೇಕಾಗಿಲ್ಲ. ಗುಡಿಗೆ ಹೋಗುವವರಿಗೂ ಮಸೀದಿಗೆ ಹೋಗುವವರಿಗೂ ಮಠಕ್ಕೆ ನಡೆದುಕೊಳ್ಳುವವರಿಗೂ ಇದೇ ಪ್ರಶ್ನೆ ಉಂಟು. ಆದರೆ ಊರಿನಲ್ಲಿ ಅಲ್ಪಸಂಖ್ಯೆಯಲ್ಲಿರುವವರಿಗೆ ಇದು ಸ್ವಲ್ಪ ಬೇಗ ಎದುರಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಲೆಕ್ಕದಲ್ಲಿ ಹೇಳುವುದಾದರೆ ಶೇಕಡ 1.87. ದಾವಣಗೆರೆ ಜಿಲ್ಲೆಯಲ್ಲಿ ಅಷ್ಟೂ ಇಲ್ಲ. ಬೀದಿಗೆ ಒಂದೋ ಎರಡೋ ಮನೆ, ಎಷ್ಟೋ ಬೀದಿಗಳಲ್ಲಿ ಅದೂ ಇಲ್ಲ. ಆ ಒಂದು ಮನೆಯವರು ಹೇಗೆ ನಡೆದುಕೊಳ್ಳುತ್ತಾರೋ ಅದೇ ಆ ಬೀದಿಯ ಪಾಲಿಗೆ ಕ್ರೈಸ್ತ ಧರ್ಮ. ಬೀದಿಯವರು ಬೈಬಲ್ಲನ್ನು ಓದಿರುವುದಿಲ್ಲ. ಆ ಮನೆಯವರನ್ನು ಓದುತ್ತಾರೆ.

ಹರಿಹರ ದಾವಣಗೆರೆಗೆ ಸುಮಾರು 14 ಕಿಲೋಮೀಟರು ದೂರದಲ್ಲಿ, ತುಂಗಭದ್ರೆಗೆ ಹರಿದ್ರಾ ನದಿ ಬಂದು ಸೇರುವ ಕಡೆ ಇರುವ ಊರು. ಅಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಸುಮಾರು 1224ರಲ್ಲಿ ಕಟ್ಟಿಸಿದನು. ಅದೇ ಊರಿನಲ್ಲಿ ಆರೋಗ್ಯಮಾತೆಯ ದೇವಾಲಯವೂ ಇದೆ. ಮರಿಯ ಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದು ಅಲ್ಲಿ ಉತ್ಸವ. ಈ ದೇವಾಲಯ 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ್ದು; ಈಗ ಇದಕ್ಕೆ ಬೆಸಿಲಿಕಾ ಎಂಬ ಗೌರವವೂ ದೊರೆತಿದೆ. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಮಗುವಿಗೆ ಜ್ವರ, ತಾಯಿಗೆ ಕಾಲುನೋವು, ಮನೆಯಲ್ಲಿ ನೆಮ್ಮದಿಯಿಲ್ಲ. ಮೇಣದಬತ್ತಿ ಹಚ್ಚುವವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಇಂತಹ ಮಾತುಗಳೇ. ಕಷ್ಟ ಬಂದಾಗ ಮನುಷ್ಯ ಜಾತಿಮತಗಳ ಚೀಟಿಯನ್ನು ಜೇಬಿನಲ್ಲಿ ಹುಡುಕುತ್ತ ಕೂಡುವುದಿಲ್ಲ.

ಉತ್ಸವ ಒಳ್ಳೆಯದು. ಅದಿಲ್ಲದಿದ್ದರೆ ಬಾಳು ಬರಡಾಗುತ್ತದೆ. ಆದರೆ ಸೆಪ್ಟೆಂಬರ್ 8 ಕಳೆದ ಮೇಲೆ 9 ಬರುತ್ತದಷ್ಟೆ. ಆರೋಗ್ಯವನ್ನು ಬೇಡಿಕೊಂಡು ಬಂದವನು ಮರುದಿನ ಎದುರುಮನೆಯ ರೋಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಒಂದು ಗಂಟೆ ಬಿಡುವು ಮಾಡಿಕೊಳ್ಳುತ್ತಾನೆಯೆ? ಹಬ್ಬಕ್ಕೆ ಅರ್ಥ ಬರುವುದು ಮರುದಿನ.

ಮೊದಲು ಮನೆಯ ಒಳಗಿನ ಮಾತನ್ನು ನೋಡೋಣ. ಕ್ರೈಸ್ತರೆಂದರೆ ಹೊರಗಿನವರು, ಅವರ ಮಾತು ಬೇರೆ, ನಡೆ ಬೇರೆ ಎಂಬ ಭಾವನೆ ಕೆಲವರಲ್ಲಿ ಇನ್ನೂ ಇದೆ. ಸಂಗತಿ ಹಾಗಿಲ್ಲ. ಹಳೆಯ ಮೈಸೂರಿನ ಕಡೆಯ ಕನ್ನಡ ಕಥೋಲಿಕರ ಹೆಸರುಗಳನ್ನು ಕೇಳಿ ನೋಡಿ: ರಾಯಪ್ಪ, ಚಿನ್ನಪ್ಪ, ಅಂತೋಣಪ್ಪ, ಇನ್ನಾಸಪ್ಪ, ಚೌರಪ್ಪ. ರಾಯಪ್ಪನೆಂದರೆ ಸಂತ ಪೇತ್ರ. ಚಿನ್ನಪ್ಪನೆಂದರೆ ಸಂತ ಪೌಲ. ಚೌರಪ್ಪನೆಂದರೆ ಸಂತ ಫ್ರಾನ್ಸಿಸ್ ಝೇವಿಯರ್. ರೋಮಿನಿಂದಲೂ ಸ್ಪೇಯಿನಿನಿಂದಲೂ ಬಂದ ಹೆಸರುಗಳು ನಮ್ಮ ಊರಿನ ಅಪ್ಪಂದಿರಾಗಿ ಜಗಲಿಯ ಮೇಲೆ ಕುಳಿತಿದ್ದಾರೆ.

ಮಾತೂ ಹಾಗೆಯೇ. ಉಪವಾಸದ ನಲವತ್ತು ದಿನಗಳಿಗೆ ತಪಸ್ಸುಕಾಲವೆಂದು ಹೆಸರು. ಅದು ಆರಂಭವಾಗುವ ದಿನ ವಿಭೂತಿ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು, ಆ ಬೂದಿಯಿಂದ ಗುರುಗಳು ಭಕ್ತರ ಹಣೆಯ ಮೇಲೆ ಶಿಲುಬೆಯ ಗುರುತನ್ನಿಡುತ್ತಾರೆ. ನೀನು ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂಬ ನೆನಪಿಗಾಗಿ ಈ ಆಚಾರ. ಹಣೆಗೆ ವಿಭೂತಿ ಧರಿಸುವವರ ನಾಡಿನಲ್ಲಿ ಈ ಹೆಸರಿಗೆ ಟೀಕೆ ಬರೆಯಬೇಕಾಗಿಲ್ಲ. ಕಥೋಲಿಕರು ಜ್ಞಾನಸ್ನಾನವೆನ್ನುವುದನ್ನು ಪ್ರೊಟೆಸ್ಟೆಂಟರು ದೀಕ್ಷಾಸ್ನಾನವೆನ್ನುತ್ತಾರೆ. ಎರಡೂ ನಮ್ಮ ನೆಲದ ಮಾತುಗಳೇ. ಮದುವೆಯಲ್ಲಿ ಉಂಗುರದ ಜೊತೆಗೆ ತಾಳಿಯನ್ನೂ ಪ್ರಾರ್ಥಿಸಿ ಕಟ್ಟುವುದುಂಟು.

ಇದು ಒಂದು ದಿನದಲ್ಲಿ ಆದ ಕೆಲಸವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಬೈಬಲ್ ಪೂರ್ತಿಯಾಗಿ ಕನ್ನಡದಲ್ಲಿ ಬಂದದ್ದು 1831ರಲ್ಲಿ. ಒಂದು ಪುಸ್ತಕಕ್ಕೆ ಇಪ್ಪತ್ತು ವರ್ಷಗಳ ದುಡಿಮೆ! ಕಥೋಲಿಕರ ಪೂಜೆ ಮಾತ್ರ ಬಹುಕಾಲ ಲ್ಯಾಟಿನ್ ಭಾಷೆಯಲ್ಲಿಯೇ ನಡೆಯುತ್ತಿತ್ತು. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ನುಡಿಗೆ ಪೂಜೆಯಲ್ಲಿ ಸ್ಥಾನ ಕೊಟ್ಟ ಮೇಲೆ ಕನ್ನಡ ಪೀಠದ ಬಳಿಗೆ ಬಂದಿತು. ಅಜ್ಜಿಯು ಅರ್ಥವಾಗದೆ ಕೈಮುಗಿದು ಕೇಳುತ್ತಿದ್ದ ಮಂತ್ರಕ್ಕೆ ಮೊಮ್ಮಗಳು ಅರ್ಥ ತಿಳಿದು ಉತ್ತರ ಹೇಳುವಂತಾಯಿತು.

ಈ ಮಾತಿಗೆ ಒಬ್ಬ ಮಹನೀಯರ ಬಾಳನ್ನೇ ನಿದರ್ಶನವಾಗಿ ಕೊಡಬಹುದು. ಅವರು ಹೆಚ್ಚು ದೂರದವರಲ್ಲ. ಹರಿಹರದಿಂದ ಹರಪನಹಳ್ಳಿಯ ಮೇಲೆ ಹೂವಿನಹಡಗಲಿಯ ಕಡೆಗೆ ಹೋದರೆ ಉತ್ತಂಗಿ ಎಂಬ ಹಳ್ಳಿ ಸಿಕ್ಕುತ್ತದೆ. ಆ ಹಳ್ಳಿಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದು ಪಾದ್ರಿಗಳಾದರು. ಪಾದ್ರಿಗಳ ಕೆಲಸವೆಂದರೆ ಉಪದೇಶ, ಪ್ರಾರ್ಥನೆ, ಮದುವೆ, ಮಣ್ಣು. ಅವೆಲ್ಲವನ್ನೂ ಅವರು ಮಾಡಿದರು. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಹಿಡಿದರು. ಜನರ ಬಾಯಲ್ಲಿಯೂ ಹಳೆಯ ಕಟ್ಟುಗಳಲ್ಲಿಯೂ ಚದರಿ ಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಒಂದೊಂದಾಗಿ ಆಯ್ದು, ಹೋಲಿಸಿ, ವಿಂಗಡಿಸಿ 1924ರಲ್ಲಿ ದೊಡ್ಡದೊಂದು ಸಂಗ್ರಹವಾಗಿ ಪ್ರಕಟಿಸಿದರು. ಇಂದು ನಮ್ಮ ಮಕ್ಕಳು ಶಾಲೆಯಲ್ಲಿ ಸರ್ವಜ್ಞನನ್ನು ಬಾಯಿಪಾಠ ಮಾಡುವಾಗ, ಅದರ ಹಿಂದೆ ಒಬ್ಬ ಕ್ರೈಸ್ತ ಪಾದ್ರಿಯ ಹಲವು ವರ್ಷಗಳ ಅಲೆದಾಟವಿದೆಯೆಂಬುದು ಎಷ್ಟು ಜನರಿಗೆ ಗೊತ್ತು?

ಅವರು ಅಲ್ಲಿಗೇ ನಿಲ್ಲಲಿಲ್ಲ. ಶಿವಶರಣರ ವಚನಗಳಿಗೆ ಕೈಹಾಕಿದರು. ಮೋಳಿಗೆಯ ಮಾರಯ್ಯ, ಸಿದ್ಧರಾಮ ಮೊದಲಾದವರ ಸಾಹಿತ್ಯವನ್ನು ಪರಿಷ್ಕರಿಸಿಕೊಟ್ಟರು. ಅನುಭವ ಮಂಟಪವೆಂಬುದು ನಿಜವಾಗಿ ಇದ್ದಿತೇ ಎಂದು ವಿದ್ವಾಂಸರಲ್ಲಿ ಸಂಶಯವೆದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿದಾಗ ನಾಡಿನವರು ಅವರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿದರು. 1962ರಲ್ಲಿ ಅವರು ತೀರಿಕೊಂಡರು.

ಚನ್ನಪ್ಪನವರು ಶರಣರನ್ನು ಓದಿದ್ದರಿಂದ ಕ್ರಿಸ್ತನಿಂದ ದೂರವಾದರೆ? ಇಲ್ಲ; ಕೊನೆಯವರೆಗೂ ಕ್ರಿಸ್ತಭಕ್ತರಾಗಿಯೇ ಇದ್ದರು. ಕ್ರಿಸ್ತನನ್ನು ಪೂಜಿಸಿದ್ದರಿಂದ ಕನ್ನಡಕ್ಕೆ ಹೊರಗಿನವರಾದರೆ? ಅದೂ ಇಲ್ಲ. ತಮ್ಮದು ಎಂಬುದರಲ್ಲಿ ಗಟ್ಟಿಯಾಗಿ ನಿಂತವರಿಗೆ ಇನ್ನೊಬ್ಬರದನ್ನು ಗೌರವಿಸಲು ಅಂಜಿಕೆಯಿರುವುದಿಲ್ಲ. ಕಾಲು ನೆಲಕ್ಕೆ ಹತ್ತದವರಿಗೆ ಮಾತ್ರ ಪಕ್ಕದವರು ತಳ್ಳಿಯಾರೆಂಬ ಭಯ.

ಇನ್ನು ದಿನಬಳಕೆಯ ಒಂದು ತೊಡಕಿಗೆ ಬರೋಣ. ನೆರೆಮನೆಯಾಕೆ ದೇವಸ್ಥಾನದಿಂದ ಬಂದು, ವಿಶ್ವಾಸದಿಂದ, ಪ್ರಸಾದದ ದೊನ್ನೆಯನ್ನು ಚಾಚುತ್ತಾಳೆ. ತೆಗೆದುಕೊಳ್ಳಬೇಕೆ, ಬೇಡವೆ? ಹೊರಗಿನವರಿಗೆ ಇದು ಸಣ್ಣ ವಿಷಯವೆಂದು ತೋರಬಹುದು. ಆದರೆ ಕ್ರೈಸ್ತರ ಮನೆಗಳಲ್ಲಿ ಇದಕ್ಕಾಗಿ ಅತ್ತೆ ಸೊಸೆಯರಲ್ಲಿ, ಅಣ್ಣತಮ್ಮಂದಿರಲ್ಲಿ ವಾದ ನಡೆಯುವುದುಂಟು. ಒಬ್ಬರು ಕಣ್ಣಿಗೊತ್ತಿಕೊಂಡು ತಿನ್ನುತ್ತಾರೆ; ಇನ್ನೊಬ್ಬರು ನಯವಾಗಿ ಬೇಡವೆನ್ನುತ್ತಾರೆ.

ಈ ಪ್ರಶ್ನೆ ಹೊಸದಲ್ಲ. ಸುಮಾರು 1,970 ವರ್ಷಗಳ ಕೆಳಗೆ ಗ್ರೀಸ್ ದೇಶದ ಕೊರಿಂಥವೆಂಬ ಊರಿನವರು ಇದನ್ನೇ ಸಂತ ಪೌಲನಿಗೆ ಬರೆದು ಕೇಳಿದ್ದರು. ಕೊರಿಂಥವೂ ದಾವಣಗೆರೆಯ ಹಾಗೆ ವ್ಯಾಪಾರದ ಊರು. ನಾನಾ ದೇಶದ ಜನ, ನಾನಾ ದೇವರ ಗುಡಿಗಳು. ಪೌಲನ ಉತ್ತರದ ಸಾರಾಂಶವಿಷ್ಟು: ಆಹಾರ ನಮ್ಮನ್ನು ದೇವರಿಗೆ ಹತ್ತಿರ ಮಾಡುವುದೂ ಇಲ್ಲ, ದೂರ ಮಾಡುವುದೂ ಇಲ್ಲ. ಆದರೆ ನೀನು ತಿನ್ನುವುದನ್ನು ಕಂಡು ಒಬ್ಬ ಬಲಹೀನನ ಮನಸ್ಸು ಕಲಕಿಹೋಗುವುದಾದರೆ ಅವನಿಗಾಗಿ ಬಿಡು. ನಿನಗೆ ತಿಳಿವಳಿಕೆಯಿದೆಯೆಂದು ಬೀಗಬೇಡ. ತಿಳಿವಳಿಕೆಗಿಂತ ಪ್ರೀತಿ ದೊಡ್ಡದು. ಇಂತಿಷ್ಟು ಸರಿ, ಇಂತಿಷ್ಟು ತಪ್ಪು ಎಂಬ ಪಟ್ಟಿಯನ್ನು ಅವನು ಕೊಟ್ಟು ಮುಗಿಸಲಿಲ್ಲ. ಎದುರಿಗಿರುವ ಮನುಷ್ಯನನ್ನು ನೋಡು ಎಂದನು. ಪ್ರಸಾದವನ್ನು ತೆಗೆದುಕೊಳ್ಳುವವರೂ ತೆಗೆದುಕೊಳ್ಳದವರೂ ಈ ಮಾತನ್ನು ನೆನೆಯಬೇಕು. ದೊನ್ನೆಯನ್ನು ಬೇಡವೆನ್ನುವವರು ಅದನ್ನು ಚಾಚಿದ ಕೈಯನ್ನು ಬೇಡವೆನ್ನಬಾರದು. ಕೊಡುವವರೂ, ಬೇಡವೆಂದದ್ದು ತಮ್ಮನ್ನಲ್ಲವೆಂದು ತಿಳಿದರೆ, ಕ್ರಿಸ್ಮಸ್ಸಿಗೆ ಬರುವ ಕರ್ಜಿಕಾಯಿಯೂ ದೀಪಾವಳಿಗೆ ಹೋಗುವ ಹೋಳಿಗೆಯೂ ತಡೆಯಿಲ್ಲದೆ ಬೀದಿಯನ್ನು ದಾಟುತ್ತಿರುತ್ತವೆ.

ಈ ಪೌಲನು ಉಪದೇಶದಿಂದ ಹೊಟ್ಟೆ ಹೊರೆದವನಲ್ಲ. ಕೊರಿಂಥದಲ್ಲಿ ಅವನು ಗುಡಾರ ಮಾಡುವ ಕಸುಬಿನವನಾಗಿ ದುಡಿದನು. ಹಗಲು ಸೂಜಿ ದಾರ, ಬಿಡುವಿನಲ್ಲಿ ಧರ್ಮಬೋಧೆ. ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಗೆ ಈ ಮಾತು ಹಿಡಿಸಬೇಕು. ಆ ಗಿರಣಿಗಳಲ್ಲಿ ಬಹುಪಾಲು ಈಗ ಮುಚ್ಚಿವೆ. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ದೇಶಕ್ಕೆಲ್ಲ ಲೇತ್ ಯಂತ್ರಗಳನ್ನು ಕಳುಹಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿದೆ. ಆದರೆ ಪಾಳಿಯ ದುಡಿಮೆ, ಯಂತ್ರದ ಮುಂದಿನ ಶಿಸ್ತು, ಕೂಲಿಯ ದಿನ ಮನೆಗೆ ಬರುವ ಸಕ್ಕರೆ, ಇವುಗಳ ನೆನಪು ಈ ಎರಡು ಊರುಗಳಿಗೆ ಮಾಸಿಲ್ಲ. ಕೆಲಸವನ್ನು ಚೆನ್ನಾಗಿ ಮಾಡುವುದೇ ಒಂದು ಪ್ರಾರ್ಥನೆಯೆಂದು ತಿಳಿಯಲು ಇಲ್ಲಿನವರಿಗೆ ದೊಡ್ಡ ಶಾಸ್ತ್ರ ಬೇಕಾಗಿಲ್ಲ. ಕಾಯಕವೆಂಬ ಮಾತನ್ನು ಕೇಳಿ ಬೆಳೆದವರು ತಾನೆ!

ತಕ್ಕಡಿಯ ವಿಷಯವನ್ನೂ ಹೇಳಬೇಕು. ಹತ್ತಿ, ಮೆಕ್ಕೆಜೋಳ, ಭತ್ತ, ಮಂಡಕ್ಕಿಗಳ ಪೇಟೆಯಲ್ಲಿ ತಕ್ಕಡಿಯೇ ದೇವರ ಪೀಠ. ಸುವಾರ್ತೆಯಲ್ಲಿ ಜಕ್ಕಾಯನೆಂಬ ಸುಂಕದವನ ಕಥೆ ಬರುತ್ತದೆ. ಕುಳ್ಳ ಮನುಷ್ಯ, ಯೇಸುವನ್ನು ನೋಡಬೇಕೆಂದು ಮರ ಹತ್ತಿದನು. ಯೇಸು ಅವನನ್ನು ಕೆಳಗಿಳಿಸಿ ಅವನ ಮನೆಗೇ ಊಟಕ್ಕೆ ಹೋದನು. ಆಗ ಜಕ್ಕಾಯನು ಮಾಡಿದ್ದೇನು? ಎಷ್ಟು ಹೊತ್ತು ಪ್ರಾರ್ಥಿಸಿದನೆಂದು ಕಥೆ ಹೇಳುವುದಿಲ್ಲ. ಲೆಕ್ಕದ ಪುಸ್ತಕ ತೆಗೆದನು. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದನು. ಅನ್ಯಾಯವಾಗಿ ಯಾರಿಂದ ಕಿತ್ತುಕೊಂಡಿದ್ದೆನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಭಕ್ತಿ ಮರದ ಮೇಲಿನಿಂದ ಇಳಿದು ಖಾತೆಯ ಪುಟಕ್ಕೆ ಬಂದಿತು. ಅಂಗಡಿಯಲ್ಲಿ ಶಿಲುಬೆಯ ಪಟ ತೂಗುಹಾಕಿ ಅದರ ಕೆಳಗೆ ತೂಕದಲ್ಲಿ ಐವತ್ತು ಗ್ರಾಮು ಹಿಡಿಯುವವನು ಜಕ್ಕಾಯನನ್ನು ಮರದ ಮೇಲೆಯೇ ಬಿಟ್ಟವನು.

ಕೊಡುವ ಗುಣಕ್ಕೆ ಸಿರಿವಂತಿಕೆ ಬೇಕೆಂದಿಲ್ಲ. ನಮ್ಮ ದೇಶದ ಈಶಾನ್ಯದ ಮಿಜೋರಾಮಿನಲ್ಲಿ 1910ರಿಂದ ಒಂದು ಪದ್ಧತಿ ನಡೆದುಬಂದಿದೆ. ಪ್ರತಿ ಸಲ ಅಡಿಗೆಗೆ ಅಕ್ಕಿ ಅಳೆಯುವಾಗ ಮನೆಯಾಕೆ ಒಂದು ಹಿಡಿಯನ್ನು ಬೇರೆ ಪಾತ್ರೆಯಲ್ಲಿ ಹಾಕುತ್ತಾಳೆ. ಹೀಗೆ ಕೂಡಿದ ಹಿಡಿಯಕ್ಕಿಯಿಂದ ಅಲ್ಲಿನ ಸಭೆಗಳ ಎಷ್ಟೋ ಧರ್ಮಕಾರ್ಯಗಳು ಸಾಗುತ್ತಿವೆ. ನಮ್ಮ ಕಡೆಯ ಸಭೆಗಳ ಬೆಳೆಹಬ್ಬವೂ ಇಂತಹುದೇ. ಒಬ್ಬರು ಕುಂಬಳಕಾಯಿ ತರುತ್ತಾರೆ, ಒಬ್ಬರು ಕೋಳಿ, ಒಬ್ಬರು ತೆಂಗಿನಕಾಯಿ. ಅವನ್ನು ಹರಾಜು ಹಾಕುತ್ತಾರೆ. ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ ಪೇಟೆಯ ಬೆಲೆಯ ಹತ್ತರಷ್ಟು ಕೂಗುವವನನ್ನು ಯಾರೂ ದಡ್ಡನೆನ್ನುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಲಾಭದ ಲೆಕ್ಕವನ್ನು ತಲೆಕೆಳಗು ಮಾಡುವುದು ಮನಸ್ಸಿಗೆ ಒಳ್ಳೆಯದು.

ಈಗ ಹೇಳಬೇಕಾದ ಮಾತು ಸ್ವಲ್ಪ ಕಹಿಯಾದುದು. ಕ್ರೈಸ್ತ ಪೂಜೆಯ ನಡುವೆ ಇರುವುದು ಒಂದು ಊಟ. ಒಂದೇ ರೊಟ್ಟಿ, ಒಂದೇ ಪಾತ್ರೆ. ಅಲ್ಲಿ ಮೇಲಿಲ್ಲ, ಕೆಳಗಿಲ್ಲ. ಆದರೆ ಮಗಳಿಗೆ ಗಂಡು ಹುಡುಕುವಾಗ ಅವರು ಹಿಂದೆ ಯಾವ ಜಾತಿಯವರೆಂಬ ಪ್ರಶ್ನೆ ಮೆಲ್ಲಗೆ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ. ಭಾನುವಾರ ಒಂದೇ ಪಾತ್ರೆಯಿಂದ ಕುಡಿದ ಮನೆಗಳು ಸೋಮವಾರ ಬೀಗರಾಗಲು ಒಪ್ಪುವುದಿಲ್ಲ. ದೀಕ್ಷಾಸ್ನಾನದ ನೀರು ಎಲ್ಲವನ್ನೂ ತೊಳೆಯಿತು, ಇದೊಂದನ್ನು ಬಿಟ್ಟು, ಎಂದರೆ ಆ ನೀರಿಗೇ ಅವಮಾನ.

ಇದರ ಜೊತೆಗೆ ಕಾಗದಪತ್ರದ ಸಂಕಟವೂ ಉಂಟು. 1950ರಲ್ಲಿ ಹೊರಟ ಪರಿಶಿಷ್ಟ ಜಾತಿಗಳ ಆದೇಶದಂತೆ ಆ ಸ್ಥಾನ ಹಿಂದೂಗಳಿಗೆ ಮೀಸಲಾಯಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದನ್ನು ವಿಸ್ತರಿಸಲಾಯಿತು. ಕ್ರೈಸ್ತರಾದ ದಲಿತರಿಗೆ ಅದು ಇಲ್ಲ. ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವರಿಗೆ ಪ್ರವರ್ಗ ಒಂದರಲ್ಲಿ ಎಡೆ ದೊರೆತಿದೆಯಾದರೂ ಪರಿಶಿಷ್ಟ ಜಾತಿಯವರ ಸೌಲಭ್ಯಗಳು ದೊರೆಯುವುದಿಲ್ಲ. ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆ. 2022ರಲ್ಲಿ ಕೇಂದ್ರ ಸರ್ಕಾರ ಇದನ್ನು ಪರಿಶೀಲಿಸಲು ಆಯೋಗವೊಂದನ್ನು ನೇಮಿಸಿತು. ಅದರ ಸರಿತಪ್ಪುಗಳನ್ನು ಬಲ್ಲವರು ತೀರ್ಮಾನಿಸಲಿ. ನಾನು ನಿಮ್ಮ ಕಣ್ಣಮುಂದೆ ತರಬೇಕೆಂದಿರುವುದು ಒಬ್ಬ ತಾಯಿಯನ್ನು. ಮಗನ ಶಾಲೆಯ ಅರ್ಜಿಯಲ್ಲಿ ಧರ್ಮವೆಂಬ ಕಲಮಿನ ಮುಂದೆ ಆಕೆಯ ಲೇಖನಿ ನಿಲ್ಲುತ್ತದೆ. ದೇವಾಲಯದ ದಫ್ತರಿನಲ್ಲಿ ಹುಡುಗನಿಗೆ ಒಂದು ಹೆಸರು. ಇಲ್ಲಿ ಇನ್ನೊಂದನ್ನು ಬರೆದರೆ ವಿದ್ಯಾರ್ಥಿವೇತನ. ಇದ್ದದ್ದನ್ನು ಇದ್ದಂತೆ ಬರೆದರೆ ಮಗನ ಓದಿಗೆ ಕೊರತೆ. ಮರೆಸಿ ಬರೆದರೆ ಮನಸ್ಸಿಗೆ ಕೊರತೆ. ನಂಬಿಕೆಯೆಂಬುದು ಎಷ್ಟು ಬೆಲೆಯುಳ್ಳದ್ದು ಎಂಬುದನ್ನು ಆಕೆ ಬಲ್ಲಷ್ಟು ಉಪದೇಶಕರು ಬಲ್ಲರೆ?

ಹೊಟ್ಟೆ ತುಂಬಿದವರು ಆಕೆಗೆ ತೀರ್ಪು ಹೇಳುವುದು ಸುಲಭ. ಅದಕ್ಕಿಂತ ಸಭೆಯವರೆಲ್ಲ ಸೇರಿ ಆ ಹುಡುಗನ ಶುಲ್ಕಕ್ಕೆ ಒಂದು ದಾರಿ ಮಾಡುವುದು ಧರ್ಮ. ನಿಜವನ್ನು ಬರೆಯುವುದಕ್ಕೆ ಒಬ್ಬಳೇ ದಂಡ ತೆರಬೇಕಾದ ಕಡೆ ನಿಜವನ್ನು ಬೋಧಿಸುವವರು ಆ ದಂಡದಲ್ಲಿ ಪಾಲು ಹೊರಬೇಡವೆ? ಹಿಡಿಯಕ್ಕಿಯ ಪಾತ್ರೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ?

ಶ್ರೋತೃಗಳೆ, ಇಷ್ಟು ಹೊತ್ತು ಹೆಸರು, ನುಡಿ, ದೊನ್ನೆ, ತಕ್ಕಡಿ, ಅರ್ಜಿ ಎಂದು ಬೇರೆ ಬೇರೆ ಮಾತುಗಳನ್ನು ಆಡಿದಂತೆ ಕಂಡರೂ ನಾನು ಹೇಳಿದ್ದು ಒಂದೇ ವಿಷಯ. ಮನುಷ್ಯ ಎಲ್ಲ ಕಡೆಯಲ್ಲಿಯೂ ಒಬ್ಬನೇ ಆಗಿರಬೇಕು. ದೇವಾಲಯದಲ್ಲಿ ಒಬ್ಬ, ಪೇಟೆಯಲ್ಲಿ ಇನ್ನೊಬ್ಬ. ಪ್ರಾರ್ಥನೆಯಲ್ಲಿ ಅಣ್ಣ, ಮದುವೆಯಲ್ಲಿ ಅನ್ಯ. ಹೀಗಾದರೆ ಅವನಿಗೆ ನೆಮ್ಮದಿಯಿಲ್ಲ, ಊರಿಗೆ ಅವನಲ್ಲಿ ನಂಬಿಕೆಯಿಲ್ಲ. ಹರಿಹರದ ಮೂರ್ತಿಯಲ್ಲಿ ಒಂದು ಮಗ್ಗುಲು ಹರಿಯಾದರೆ ಇನ್ನೊಂದು ಮಗ್ಗುಲು ಹರ. ಮೈ ಮಾತ್ರ ಒಂದೇ. ಆ ಊರಿನ ಕ್ರೈಸ್ತನು ಆ ಮೂರ್ತಿಯನ್ನು ಪೂಜಿಸುವವನಲ್ಲ. ಆದರೂ ತನ್ನ ಊರಿನ ಹೆಸರಿನಿಂದ ಅವನು ಇಷ್ಟನ್ನು ಕಲಿಯಬಹುದು: ಕನ್ನಡಿಗನಾಗಿರುವುದೂ ಕ್ರಿಸ್ತನವನಾಗಿರುವುದೂ ಒಂದೇ ಮೈಯಲ್ಲಿ, ಒಡೆಯದೆ, ಇರಬಲ್ಲವು.

ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ರಾತ್ರಿ ಊಟಕ್ಕೆ ಮುಂಚೆ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಚಾಪೆ ಹಾಸಿ, ಚಿಕ್ಕವರು ದೊಡ್ಡವರು ಕೂಡಿ ಕುಳಿತು, ಕುಟುಂಬ ಪ್ರಾರ್ಥನೆ ಮಾಡುವ ಪದ್ಧತಿಯಿದೆ. ಆ ಹತ್ತು ನಿಮಿಷಗಳಲ್ಲಿ ಒಂದು ನಿಮಿಷವನ್ನು ಆ ದಿನದ ಲೆಕ್ಕಕ್ಕೆ ಇಡಬಹುದು. ಇಂದು ಯಾರಿಗೆ ಕಡಿಮೆ ಕೊಟ್ಟೆ? ಯಾರ ಕಷ್ಟವನ್ನು ಕಂಡೂ ಕಾಣದಂತೆ ಹೋದೆ? ನೆರೆಮನೆಯ ಯಾವ ಮಾತಿಗೆ ಒರಟಾಗಿ ಉತ್ತರ ಕೊಟ್ಟೆ? ಬೇರೆ ಮತದವರಾದ ಕೇಳುಗರೂ ತಮ್ಮ ತಮ್ಮ ದೇವರ ಮುಂದೆ ಈ ಲೆಕ್ಕವನ್ನು ಮಾಡಿಕೊಳ್ಳಬಹುದು. ಇದಕ್ಕೆ ಯಾವ ದೇವರೂ ಬೇಡವೆನ್ನಲಾರನು. ಮಕ್ಕಳು ಪಕ್ಕದಲ್ಲಿ ಕುಳಿತು ಕೇಳುತ್ತಿರಲಿ. ಅಪ್ಪ ಅಮ್ಮ ತಮ್ಮ ಲೆಕ್ಕವನ್ನು ಒಪ್ಪಿಸುವುದನ್ನು ಕಂಡ ಮಕ್ಕಳಿಗೆ ಬೇರೆ ಪಾಠ ಹೇಳಬೇಕಾಗಿಲ್ಲ.

ನಾಳೆ ಬೆಳಗಾಗುತ್ತದೆ. ಅಂಗಡಿಗಳ ಬಾಗಿಲು ತೆರೆಯುತ್ತವೆ, ನಲ್ಲಿಗೆ ನೀರು ಬರುತ್ತದೆ, ಬೀದಿಯ ಜನ ಎದುರಾಗುತ್ತಾರೆ. ನಮ್ಮ ನಂಬಿಕೆಗೆ ಕೆಲಸ ಹತ್ತುವುದು ಅಲ್ಲಿಂದಲೇ.